ನಿನ್ನ ಮಗಳು ಕೂಡ್ರಿಸಿದ ಟೆಲಿಫೋನ್ ಕಾರ್ಡು

ದೋಸ್ತ ಇಮಾಮ,

ಗೆದ್ದೆವಲೇ! ನಾವು ಕ್ಷೇಮ, ನೀನು ಕ್ಷೇಮವೇ ಅಂತ ಶುರು ಮಾಡೋಕೆ ನನಗೆ ಮನಸ್ಸಿಲ್ಲ. ನೀನಿರೋ ಕಡೆ ಕ್ಷೇಮ ಅಂದ್ರೆ ಏನು ಅಂತ ನನಗೇನು ಗೊತ್ತು? ನೇರ ವಿಷಯಕ್ಕೆ ಬರ್ತೀನಿ. ನಿನ್ನ ಮಗಳು ಶಮೀಮ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಒಳಗೆ ಟೆಲಿಫೋನ್ ಕಾರ್ಡು ಕೂಡ್ರಿಸಿ, ಆ ಮೂಕ ಡಬ್ಬಿಯನ್ನ ಮಾತಾಡಿಸಿಬಿಟ್ಟಳು. ದಾವಣಗೆರೆ ಮಾರುಕಟ್ಟೆ ಕೇಳ್ತು, ಸುತ್ತಲ ಹಳ್ಳಿ ಕೇಳಿದವು. ಹರಿಹರದಲ್ಲಿ ನಿನ್ನ ತಮ್ಮ ಗೌಸನೂ ಕೇಳಿದ. ನೀನೊಬ್ಬ ಕೇಳಲಿಲ್ಲ. ನಾಲ್ಕನೇ ಕ್ಲಾಸಿಗೇ ಸಾಲಿ ಬಿಟ್ಟವನು ನಾನು, ನನ್ನ ಅಕ್ಷರ ಕೋಳಿ ಕೆದರಿದಂಗೆ ಅಂತ ನಗ್ತಿದ್ದೆ. ನಗೋದಿದ್ರೆ ನಗು. ಪೂರ್ತಿ ಓದಿ ನಗು.

ಆ ದಿನ ನೆನಪೈತಾ, ಸುಟ್ಟ ಪಂಪ್‌ಸೆಟ್ ಮೋಟಾರು ಸೈಕಲ್ ಮೇಲೆ ಕಟ್ಟಿಕೊಂಡು ನನ್ನ ಹತ್ರ ಬಂದಿದ್ದೆ? ಮೋಟಾರಿಗಿಂತ ಜಾಸ್ತಿ ನೀನೇ ಬೆವರಿದ್ದೆ. ನಾನು ವೈಂಡಿಂಗ್ ಬಿಚ್ಚೋದನ್ನ ನೋಡ್ತಾ ಕೂತು, "ಕೊಟ್ರಪ್ಪ, ನಿನಗೆ ಮೋಟಾರ್ ಬರ್ತದೆ, ನನಗೆ ರೇಡಿಯೋ ಬರ್ತದೆ, ಇಬ್ಬರೂ ಒಂದೇ ಅಂಗಡಿ ಯಾಕ ಹಿಡೀಬಾರ್ದು" ಅಂದೆ. ಹಿಡಿದೆವು. ಅಂಗಡಿ ಒಂದು, ಜಗಳ ದಿನಾಲೂ. ತಂತಿಯಲ್ಲಿ ಕರೆಂಟ್ ಐತೋ ಇಲ್ಲೋ ನೋಡೋಕೆ ನಾನು ಬೆರಳಿನ ಹಿಂಭಾಗ ತಾಗಿಸ್ತಿದ್ದೆ, ನೀನು ಟೆಸ್ಟರ್ ತಂದು ಮುಖಕ್ಕೆ ಹಿಡೀತಿದ್ದೆ. "ಒಂದಿನ ಸುಟ್ಟು ಹಪ್ಪಳ ಆಗ್ತೀ ನೋಡು!" ಅಂತಿದ್ದೆ. ಹಪ್ಪಳ ಆಗಲಿಲ್ಲ ಮಾರಾಯ. ನಾನಿಲ್ಲೇ ಗಟ್ಟಿ ಕೂತೀನಿ. ಅಷ್ಟೊಂದು ಹುಷಾರಾಗಿದ್ದ ನೀನು ಮೊದಲು ಎದ್ದು ಹೋದೆ. ಇದ್ಯಾವ ನ್ಯಾಯ?

ನಿನ್ನ ಮಣ್ಣು ಮುಗಿಸಿಕೊಂಡು ಬಂದ ಮೇಲೆ ಗೌಸ್ ಅಂಗಡಿ ಮುಂದೆ ನಿಂತದ್ದು ನನ್ನ ಕಣ್ಣಲ್ಲೇ ಐತೆ. ಅವನು ಕೆಟ್ಟವನಲ್ಲ, ನಿನಗೇ ಗೊತ್ತು. ಗುತ್ತೂರಿನ ಕಾರ್ಖಾನೆ ಕೆಲಸ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾರ್ಖಾನೆ. ಹೆದರಿಕೆ ಮನುಷ್ಯ. "ಕೊಟ್ರಣ್ಣ, ಹುಡುಗಿ ಒಬ್ಬಳೇ ಈ ಬಜಾರಿನಾಗೆ ಅಂಗಡಿ ಹೆಂಗೆ ನಡೆಸ್ತಾಳ್ರಿ? ನಿಮಗೂ ವಯಸ್ಸಾತು. ಬೀಗ ಹಾಕೋಣ. ಹರಿಹರದಾಗೆ ನಮ್ಮ ಜೋಡಿ ಇರಲಿ" ಅಂದ. ನಾನು ಬಾಯಿಗೆ ಬಂದಂಗೆ ಬೈಯೋಕೆ ಎದ್ದೆ. ಶಮೀಮ ನನ್ನ ತೋಳು ಹಿಡಿದು ಕೂಡ್ರಿಸಿದಳು. ಆಮೇಲೆ ಅವನ ಕಡೆ ತಿರುಗಿ, "ಚಾಚಾ, ಒಂದು ದೊಡ್ಡ ಕೆಲಸ ಹಿಡಿದು ಮಾಡಿ ತೋರಿಸ್ತೀನಿ. ಆಗಲಿಲ್ಲ ಅಂದ್ರೆ ಬೀಗದ ಕೈ ನಾನೇ ನಿಮ್ಮ ಕೈಯಾಗೆ ಇಡ್ತೀನಿ, ಅಳದೆ ಬರ್ತೀನಿ" ಅಂದಳು. ಗೌಸ್ ಒಪ್ಪಿದ. ಚಿಂತೆ ಹತ್ತಿದ್ದು ನನಗೆ. ಪಾಲಿಟೆಕ್ನಿಕ್ ಓದಿದ ಹುಡುಗಿ, ಮಾತು ಕೊಡೋದು ಸಲೀಸು. ಆದರೆ ನಮ್ಮ ಬಜಾರಿನಲ್ಲಿ ಕಂಪ್ಯೂಟರಿಗೆ ಯಾವ ದೊಡ್ಡ ಕೆಲಸ ಐತೆ?

ಆ ಕೆಲಸ ತಾನಾಗೇ ನಡಕೊಂಡು ಬಂತು ಅಂದ್ರೆ ನಂಬ್ತೀಯಾ? ಮೆಕ್ಕೆಜೋಳದ ಮಂಡಿ ಚನ್ನಬಸಪ್ಪ ಒಂದಿನ ಟೇಬಲ್ ಫ್ಯಾನ್ ರಿಪೇರಿಗೆ ಅಂತ ಬಂದು ಕೂತ. ತಲೆ ಹಿಡಕೊಂಡಿದ್ದ. "ಬೆಳಿಗ್ಗೆಯಿಂದ ಫೋನ್ ಕೆಳಗೆ ಇಡಾಕಾಗಿಲ್ಲ ಕೊಟ್ರಪ್ಪ. ಹಳ್ಳಿಯವರು ಒಬ್ಬರಾದ ಮೇಲೆ ಒಬ್ಬರು, ಇವತ್ತು ಧಾರಣೆ ಎಷ್ಟು, ಇವತ್ತು ಧಾರಣೆ ಎಷ್ಟು. ನಾನು ಹರಾಜಿಗೆ ಹೋಗ್ಲೋ, ಗಿಳಿ ಹಂಗೆ ಇದನ್ನೇ ಹೇಳ್ತಾ ಕೂಡ್ಲೋ? ಫೋನ್ ಸಿಗದವರು ಮಾಲು ಹೇರ್ಕಂಡು ಬಂದೇಬಿಡ್ತಾರೆ, ಬಂದು ನನ್ನನ್ನೇ ಬೈತಾರೆ!" ಶಮೀಮ ಒಳಗಿಂದಲೇ, "ಸಾವ್ಕಾರ್ರೆ, ಆ ಗಿಳಿ ನಾನು ಮಾಡಿಕೊಡ್ತೀನಿ" ಅಂದಳು. ಚನ್ನಬಸಪ್ಪ ನಕ್ಕ. ಅವಳು ನಗಲಿಲ್ಲ.

ಅವಳು ನನಗೆ ಬಿಡಿಸಿ ಹೇಳಿದ್ದು ಹಿಂಗೆ. ಕಂಪ್ಯೂಟರಿನೊಳಗೆ ಒಂದು ಕಾರ್ಡು ಕೂಡ್ರಿಸಬೇಕು. ಅದಕ್ಕೆ ನಮ್ಮ ಅಂಗಡಿ ಟೆಲಿಫೋನ್ ಲೈನು ಸಿಗಿಸಬೇಕು. ದಿನಾ ಹರಾಜು ಮುಗಿದ ಮೇಲೆ ಚನ್ನಬಸಪ್ಪ ಧಾರಣೆ ತಿಳಿಸ್ತಾನೆ, ಇವಳು ಅಂಕಿ ಒತ್ತುತ್ತಾಳೆ. ಆಮೇಲೆ ಯಾರೇ ಫೋನ್ ಮಾಡಲಿ, ಕಂಪ್ಯೂಟರ್ ತಾನೇ ಎತ್ತಿಕೊಂಡು ಮಾತಾಡ್ತದೆ. "ಯಾರ ದನಿಯಾಗೆ?" ಅಂದೆ. "ನನ್ನ ದನಿಯಾಗೆ. ಒಂದರಿಂದ ನೂರರ ತನಕ ಅಂಕಿ, ಭತ್ತ, ಮೆಕ್ಕೆಜೋಳ, ಹತ್ತಿ, ಎಲ್ಲ ಮೊದಲೇ ಹೇಳಿ ತುಂಬಿಟ್ಟೀನಿ" ಅಂದಳು. ಮಂಡಿಯವರು ಎಲ್ಲ ಸೇರಿ ಒಂದು ಮಾತು ಹೇಳಿದರು: ಸೋಮವಾರದ ಹರಾಜಿಗೆ ಮಾತಾಡಿದ್ರೆ ಕೆಲಸ ನಿಂದು, ಇಲ್ಲಾಂದ್ರೆ ಬೇರೆ ಊರಿನವರು ಕೇಳ್ತಿದ್ದಾರೆ. ಗೌಸ್ ಹರಿಹರದಿಂದ ಇನ್ನೊಂದು ಮಾತು ಹೇಳಿದ: ಸೋಮವಾರ ಸಂಜೆ ಬರ್ತೀನಿ, ಮಾತಾಡಿದ್ರೆ ಸರಿ, ಇಲ್ಲಾಂದ್ರೆ ಬೀಗದ ಕೈ ತಗೊಂಡು ಹೋಗ್ತೀನಿ. ನೋಡು, ಎರಡು ಕಡೆಯಿಂದಲೂ ಅದೇ ಸೋಮವಾರ!

ಕಾರ್ಡು ಬೆಂಗಳೂರಿನಿಂದ ಬಸ್ಸಿನ ಪಾರ್ಸಲ್‌ನಲ್ಲಿ ಬಂದ ದಿನ ಶಮೀಮ ಹರಿಹರದಲ್ಲಿದ್ದಳು, ಗೌಸನ ಮಗಳ ನಿಶ್ಚಿತಾರ್ಥ. ನಾನೇ ಹೋಗಿ ಬಿಡಿಸಿಕೊಂಡು ಎಸ್.ಎಸ್. ಬಡಾವಣೆ ನಮ್ಮ ಮನೆಯಲ್ಲಿ ಬೀರು ಮೇಲೆ ಇಟ್ಟೆ. ನನ್ನ ಹೆಂಡತಿಗೆ, ಅದೇ ನಿನ್ನ ಅತ್ತಿಗೆಗೆ ಹೇಳಿದೆ, "ಗಿರಿಜಾ, ಇದು ಇಮಾಮನ ಮಗಳ ಜೀವ. ಕೆಳಗೆ ಬೀಳಿಸಬ್ಯಾಡ." ಅವಳು ತಲೆ ಆಡಿಸಿದಳು. ಆ ತಲೆ ಆಡಿಸೋದು ನೋಡಿದ್ರೆ ನೀನಾಗಿದ್ರೆ ಅನುಮಾನ ಪಡ್ತಿದ್ದೆ. ನನಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಭಾನುವಾರ ಬೆಳಿಗ್ಗೆ ಕಾರ್ಡಿನ ಪಾರ್ಸಲ್ ತಗೊಂಡು ಅಂಗಡಿಗೆ ಹೋದೆ. ಶಮೀಮ ತಿರುಗಿಸಿ ನೋಡಿ, "ಟೇಪು ಯಾರೋ ಬಿಚ್ಚಿದಂಗೆ ಐತಲ್ಲ ದೊಡ್ಡಪ್ಪ" ಅಂದಳು. "ನಾನ್ಯಾಕ ಬಿಚ್ಚಲಿ? ನನಗೇನು ಹುಚ್ಚಾ?" ಅಂತ ಕೂಗಿದೆ. ಪಾರ್ಸಲ್ ಆಫೀಸಿನವರು ನೋಡಿರಬೇಕು ಅಂತ ಸುಮ್ಮನಾದಳು. ಅಷ್ಟರಲ್ಲಿ ಕರೆಂಟ್ ಹೋಯ್ತು. ನನಗೆ ಸಿಟ್ಟು ನೆತ್ತಿಗೇರಿತು. ಅವಳು ಶಾಂತವಾಗಿ, "ಒಳ್ಳೇದೇ ಆತು, ಕಿಟಕಿ ಬೆಳಕು ಸಾಕು" ಅಂತ ಕಂಪ್ಯೂಟರಿನ ಪ್ಲಗ್ಗನ್ನ ಗೋಡೆಯಿಂದ ಎಳೆದು ಹೊರಗೆ ಹಾಕಿದಳು. "ಕರೆಂಟೇ ಇಲ್ಲ, ಪ್ಲಗ್ ಯಾಕ ಕೀಳ್ತೀಯವ್ವ?" ಅಂದೆ. "ಬಂದ್ರೆ?" ಅಂದಳು. ಅಷ್ಟೇ. ಒಂದೇ ಮಾತು. ನಿನ್ನ ರಕ್ತ ಅಲ್ಲವೇನೋ ಅದು?

ಅವಳು ಕಂಪ್ಯೂಟರ್ ಡಬ್ಬಿಯ ಮುಚ್ಚಳ ತೆಗೆಯೋ ಮುಂಚೆ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. "ದೊಡ್ಡಪ್ಪ, ಸ್ವೆಟರ್ ತಗೀರಿ." "ಚಳಿ ಐತವ್ವ." "ತಗೀರಿ ಅಂದೆ." ತೆಗೆದೆ. ಒಣ ಚಳಿಗಾಲ ನೋಡು, ತಲೆ ಮೇಲಿಂದ ಎಳೆಯುವಾಗ ಚಟಚಟ ಅಂತು, ಇದ್ದ ನಾಲ್ಕು ಕೂದಲು ನೆಟ್ಟಗೆ ನಿಂತವು. ಶಮೀಮ ಬೆರಳು ತೋರಿಸಿ, "ಕೇಳಿದ್ರಾ? ಆ ಚಟಚಟ ಅಂದಿದ್ದೇ ಕರೆಂಟು. ನಿಮಗೆ ಅದು ಕಚಗುಳಿ. ಈ ಕಾರ್ಡಿಗೆ ಅದು ಸಿಡಿಲು" ಅಂದಳು. ನನಗೆ ನಗು ಬಂತು. ಆಮೇಲೆ ನಗು ನಿಂತುಹೋಯ್ತು. ಇಮಾಮ, ಆಯುಷ್ಯ ಪೂರ್ತಿ ಕರೆಂಟು ನಮ್ಮನ್ನ ಹೊಡೀತದೆ ಅಂತ ಹುಷಾರಾಗಿದ್ದೆವು. ಈಗ ನೋಡಿದ್ರೆ ನಾವೇ ಕಾರ್ಡನ್ನ ಹೊಡೀತೀವಂತೆ! ನಮಗೆ ಗೊತ್ತೇ ಆಗದಂಗೆ, ಬರೀ ಮುಟ್ಟಿ. ಇಂಥ ಸೂಕ್ಷ್ಮದ ಸಾಮಾನು ಯಾವನು ಮಾಡಿದ, ಯಾಕ ಮಾಡಿದ...

ಹುಡುಗಿ ಕೆಲಸ ಮಾಡೋದನ್ನ ನೀನು ನೋಡಬೇಕಿತ್ತು. ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡಳು, ಅದರ ತಂತಿಯನ್ನ ಡಬ್ಬಿಯ ಕಬ್ಬಿಣಕ್ಕೆ ಕಚ್ಚಿಸಿದಳು. ಮೈಯಲ್ಲಿರೋ ಚಟಚಟ ಎಲ್ಲ ಡಬ್ಬಿಗೆ ಇಳೀತದಂತೆ. "ಎಮ್ಮೆ ಗೂಟಕ್ಕೆ ಕಟ್ಟಿದಂಗೆ ಐತಲ್ಲವ್ವ" ಅಂದೆ. "ನೀವು ಕಟ್ಟದೆ ಇರೋ ಎಮ್ಮೆ. ಅಲ್ಲೇ ನಿಲ್ರಿ, ಕೈ ಕಂಕಳಾಗೆ ಇಟ್ಕೋರಿ" ಅಂದಳು. ಇಟ್ಕೊಂಡೆ. ಯಾರ ಮಾತಿಗೂ ಕೈ ಕಟ್ಟಿ ನಿಂತವನಲ್ಲ ನಾನು. ಆ ಕಾರ್ಡು ಬೆಳ್ಳಿ ಬಣ್ಣದ ಚೀಲದೊಳಗಿತ್ತು, ಚೂಡಾ ಅವಲಕ್ಕಿ ಪಾಕೀಟು ಇದ್ದಂಗೆ. ಅವಳು ಅದನ್ನ ಎರಡೂ ಅಂಚಿಗೆ ಹಿಡಿದು ಹೊರಗೆ ತೆಗೆದಳು, ಹಸಿ ಬಾಣಂತಿ ಕೂಸನ್ನ ಎತ್ತಿದಂಗೆ. ಹಸಿರು ಹಲಗೆ, ಮೇಲೆ ಕರಿ ಕರಿ ಹುಳ ಕೂತಂಗೆ ಸಾಮಾನು, ಕೆಳ ಅಂಚಿನಲ್ಲಿ ಬಂಗಾರ ಬಣ್ಣದ ಹಲ್ಲು ಸಾಲಾಗಿ. ಆ ಹಲ್ಲುಗಳೇ ಕಂಪ್ಯೂಟರಿನೊಳಗಿನ ಸಂದಿಗೆ ಕಚ್ಚಿಕೊಳ್ಳಬೇಕು. ಹಿಂದಿನ ತಗಡಿನ ಪಟ್ಟಿ ಬಿಚ್ಚಿದಳು, ಸಂದಿಗೆ ನೇರ ಹಿಡಿದಳು, ಎರಡೂ ಕಡೆ ಸಮ ಒತ್ತಿದಳು. ಕಟಕ್ ಅಂತ ಕೂತ್ಕಂತು.

ಅವಳು ಸ್ಕ್ರೂ ತಿರುಗಿಸ್ತಾ ಇದ್ದಾಗಲೇ ಕರೆಂಟ್ ಬಂತು. ಫ್ಯಾನು ಗರ್ ಅಂತ ತಿರುಗಿತು, ಟ್ಯೂಬ್‌ಲೈಟ್ ಪಕಪಕ ಅಂತು, ನಾನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಹಾರಿದೆ. ಡಬ್ಬಿ ಮಾತ್ರ ತಣ್ಣಗಿತ್ತು. ಅದರ ಪ್ಲಗ್ಗು ನೆಲದ ಮೇಲೆ ಹಾವಿನ ಮರಿ ಥರ ಬಿದ್ದಿತ್ತಲ್ಲ. ಅವಳು ತಲೆ ಎತ್ತಿ ನೋಡಲೂ ಇಲ್ಲ. "ನೋಡಿದ್ರಾ ದೊಡ್ಡಪ್ಪ?" ಅಂತ ಹೇಳಿದ್ರೂ ನಾನು ತಡಕೊಳ್ತಿದ್ದೆ. ಹೇಳಲೇ ಇಲ್ಲ. ಅದೇ ಜಾಸ್ತಿ ಚುಚ್ಚಿತು.

ಆಮೇಲಿನ ಕಥೆ ಕೇಳಿದ್ರೆ ನೀನು ಗೋರಿಯಲ್ಲೇ ಹೊರಳಿ ಹೊರಳಿ ನಗ್ತೀಯ. ಟೆಲಿಫೋನ್ ತಂತಿ ಜೋಡಿಸೋ ಕೆಲಸ ನನಗೆ ಕೊಟ್ಟಳು. "ಗೋಡೆ ಪೆಟ್ಟಿಗೆಯಿಂದ ಮೊದಲು ಬಿಚ್ಚಿ ಆಮೇಲೆ ಸುಲೀರಿ" ಅಂದಳು. ಟೆಲಿಫೋನ್ ತಂತಿಯಲ್ಲಿ ಏನಿರ್ತದೆ, ಬರೀ ಮಾತು ಅಂದ್ಕಂಡೆ. ಎರಡೂ ತಂತಿ ಬಾಯಿಗೆ ಹಾಕಿ, ಉಳಿದಿರೋ ಹಲ್ಲಿನಲ್ಲಿ ಕಚ್ಚಿ ಸುಲಿಯೋಕೆ ಹತ್ತಿದೆ. ನಾಲಿಗೆ ಚುರ್ ಅಂತು. ಹುಣಸೆಹಣ್ಣು ತಿಂದಂಗೆ ಐತೆ, ಇಷ್ಟೇನಾ ಅಂದ್ಕಳ್ಳೋ ಅಷ್ಟರಲ್ಲಿ, ಅದೇ ಗಳಿಗೆಗೆ, ಹರಿಹರದಿಂದ ನಿನ್ನ ತಮ್ಮ ಫೋನ್ ಮಾಡಬೇಕಾ? ಫೋನ್ ಟ್ರಿಣ್ ಅಂದಂಗೆಲ್ಲ ನನ್ನ ದವಡೆ ಟ್ರಿಣ್! ಕಣ್ಣಲ್ಲಿ ದೀಪಾವಳಿ ಕಂಡೆ. ಬಾಯಿಂದ ತಂತಿ ಉಗುಳಿ ಸ್ಟೂಲಿನಿಂದ ಜಾರಿ ಕೆಳಗೆ ಕೂತೆ. ಶಮೀಮ ಓಡಿಬಂದು ನನಗೇನೂ ಆಗಿಲ್ಲ ಅಂತ ನೋಡಿಕೊಂಡು ಫೋನ್ ಎತ್ತಿದಳು. "ಏನಿಲ್ಲ ಚಾಚಾ, ನಿಮ್ಮ ಫೋನ್ ದೊಡ್ಡಪ್ಪ ಬಾಯಾಗೇ ತಗೊಂಡ್ರು" ಅಂದಳು. ಗೌಸ್‌ಗೆ ಏನು ತಿಳೀತೋ ಏನೋ. "ನಾಳೆ ಸಂಜೆ ಬರ್ತೀನಿ" ಅಂತ ಹೇಳಿ ಇಟ್ಟ. ಫೋನ್ ಬಂದಾಗ ತಂತಿಯಲ್ಲಿ ಗಂಟೆ ಬಾರಿಸೋ ಅಷ್ಟು ಕರೆಂಟು ಬರ್ತದೆ ಅಂತ ಆಮೇಲೆ ಹೇಳಿದಳು. ಮೊದಲೇ ಹೇಳಿದ್ದಳು ಬಿಡು. ಕೇಳೋ ಕಿವಿ ನನಗೆಲ್ಲಿತ್ತು?

ನಗು ಅಲ್ಲಿಗೆ ಮುಗೀತು. ಗೋಡೆ ಪೆಟ್ಟಿಗೆಯಿಂದ ಬಿಚ್ಚಿ, ಸರಿಯಾಗಿ ಸುಲಿದು, ತಂತಿ ಜೋಡಿಸಿ, ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ಶುರು ಮಾಡಿದಳು. ಶುರುವಾಯ್ತು. ಆದರೆ ಕಾರ್ಡೇ ಇಲ್ಲ ಅಂತಂತೆ. ಒಳಗೆ ಕೂತಿರೋ ಕಾರ್ಡು ಅದರ ಕಣ್ಣಿಗೇ ಕಾಣ್ತಿಲ್ಲ. ಮತ್ತೆ ಆರಿಸಿದಳು, ಮತ್ತೆ ಹಚ್ಚಿದಳು. ಅದೇ ಉತ್ತರ. ಪುಸ್ತಕ ತೆಗೆದು ಓದಿದಳು, ಕಾರ್ಡು ಕೀಳದೇ ಅದರ ಮೇಲಿರೋ ಸಣ್ಣ ಸಣ್ಣ ಕೊಂಡಿ ಬದಲಿಸಿ ನೋಡಿದಳು. ಊಹೂಂ. ಬೆಂಗಳೂರಿಗೆ ಫೋನ್ ಮಾಡಿದ್ರೆ ಭಾನುವಾರ ಯಾರೂ ಎತ್ತಲಿಲ್ಲ. ಅವಳು ಕೈ ಮಡಿಲಲ್ಲಿ ಇಟ್ಟುಕೊಂಡು ನೀನು ಕೂಡ್ತಿದ್ದ ಕುರ್ಚಿ ಮೇಲೆ ಕೂತಳು. ಅಳಲಿಲ್ಲ. ಅಳಲ್ಲ ಅಂತ ಮಾತು ಕೊಟ್ಟಿದ್ದಳಲ್ಲ. ಟೇಬಲ್ ಮೇಲೆ ಬೀಗದ ಕೈ ಇತ್ತು, ಅದನ್ನೇ ನೋಡ್ತಿದ್ದಳು. ನನ್ನ ಸ್ವೆಟರಿನ ಆ ಹಾಳು ಚಟಚಟವೇ ಕಾರ್ಡನ್ನ ಕೊಂದಿತಾ? ಬಸ್ಸಿನಿಂದ ಮನೆಗೆ ತರುವಾಗ ಎದೆಗೆ ಅವಚಿಕೊಂಡು ತಂದಿದ್ದೆ. ಜೋಪಾನ ಅಂತ ಅವಚಿದ್ದೇ ಕೊಲೆ ಆಗಿಬಿಡ್ತಾ? ಕೇಳೋಕೆ ಧೈರ್ಯ ಬರಲಿಲ್ಲ. ನಾನು, ಧೈರ್ಯ ಬರಲಿಲ್ಲ ಅಂತ ಬರೀತಿದೀನಿ, ನೋಡು.

ಮಧ್ಯಾಹ್ನಕ್ಕೆ ನಿನ್ನ ಅತ್ತಿಗೆ ಆಟೋ ಹಿಡಿದು ಬುತ್ತಿ ತಂದಳು. ರೊಟ್ಟಿ, ಹೆಸರುಕಾಳು ಪಲ್ಯ. ಬಾಗಿಲಲ್ಲೇ ಕೇಳಿದಳು, "ಏನವ್ವ, ಮಾತಾಡ್ತಾ?"

"ಇಲ್ಲ ದೊಡ್ಡಮ್ಮ."

"ಯಾಕ ಮಾತಾಡಲ್ಲ? ಮಾತಾಡ್ಲೇಬೇಕು. ದೇವರ ಮುಂದೆ ಇಟ್ಟು, ವಿಭೂತಿ ಹಚ್ಚಿ, ಕೈ ಮುಗಿದು ಕಳಿಸೀನಿ."

ಶಮೀಮ ಮೆಲ್ಲಗೆ ಎದ್ದಳು. "ಎಲ್ಲಿಗೆ ಹಚ್ಚಿದ್ರಿ ದೊಡ್ಡಮ್ಮ?"

"ಎಲ್ಲಿಗೆ ಅಂದ್ರೆ? ಕೆಳಗೆ ಬಂಗಾರದ ಹಲ್ಲು ಐತಲ್ಲ, ಅದಕ್ಕೇ. ಬಂಗಾರ ಇರೋವಾಗ ಹಸಿರು ಹಲಗೆಗೆ ಯಾರು ಹಚ್ತಾರೆ? ನೀರು ಕಲಸಿ, ಮೂರು ಬೆರಳು ಎಳೆದೆ. ಈ ಕಡೆ, ಆ ಕಡೆ."

ನಾನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಇಣುಕಿದರು. "ನಿನಗೆ ಬುದ್ಧಿ ಐತಾ? ಬೀಳಿಸಬ್ಯಾಡ ಅಂದ್ರೆ ಪೂಜೆ ಮಾಡ್ತೀಯಾ?" ನಿನ್ನ ಅತ್ತಿಗೆ ನನ್ನನ್ನ ಹೆದರಿಸೋದು ನಿನಗೇನು ಹೊಸದಾ? ಬುತ್ತಿ ಟೇಬಲ್ ಮೇಲೆ ಕುಕ್ಕಿದಳು. "ಬೀಳಿಸಿಲ್ಲ, ಮೇಲೆತ್ತೀನಿ. ಇಮಾಮಣ್ಣ ಇದ್ದಿದ್ರೆ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸ್ಕೊಂಡು ಬರ್ತಿದ್ದ. ಆತ ಇಲ್ಲ. ಹುಡುಗಿ ದೊಡ್ಡ ಕೆಲಸಕ್ಕೆ ಕೈ ಹಾಕಿದಾಳೆ, ಯಾರಾದ್ರೂ ದೇವರಿಗೆ ಹೇಳಬೇಕಾ ಬ್ಯಾಡವಾ? ನಿಮಗಂತೂ ಆ ನೆನಪು ಬರಲ್ಲ!" ಅವಳು ಹೇಳಿದ್ದೂ ನಿಜವೇ. ಹೊಸ ರೇಡಿಯೋ ಬಂದಾಗಲೆಲ್ಲ ನೀನು ಸಕ್ಕರೆ ಓದಿಸ್ತಿದ್ದೆ, ನಾನು ಊದುಬತ್ತಿ ಹಚ್ತಿದ್ದೆ. ಆಗಿನ ಸಾಮಾನು ತಡಕೊಳ್ತಿದ್ದವು.

ಶಮೀಮ ನಗ್ತಿದ್ದಳೋ ಅಳ್ತಿದ್ದಳೋ ನನಗೆ ತಿಳೀಲಿಲ್ಲ, ಎರಡೂ ಇರಬೇಕು. "ಬೈಬ್ಯಾಡ್ರಿ ದೊಡ್ಡಪ್ಪ. ಕಾರ್ಡು ಸತ್ತಿರಲಿಕ್ಕಿಲ್ಲ. ಹಲ್ಲಿಗೆ ಪರೆ ಕಟ್ಟೈತೆ, ಅದಕ್ಕೆ ಕಚ್ಚಿಕೊಳ್ತಿಲ್ಲ. ಬೆಳಿಗ್ಗೆ ಆ ಮಸುಕು ಬೆಳಕಿನಾಗೆ ನನಗೆ ಕಾಣಲಿಲ್ಲ" ಅಂದಳು. ಆಮೇಲೆ ನಿನ್ನ ಅತ್ತಿಗೆ ಗಲ್ಲ ಹಿಡಿದು, "ದೊಡ್ಡಮ್ಮ, ಇನ್ನೊಂದು ಸಲ ಹಚ್ಚೋದಾದ್ರೆ ನನ್ನ ಹಣೆಗೆ ಹಚ್ಚಿರಿ. ಹಲ್ಲಿಗೆ ಬ್ಯಾಡ" ಅಂದಳು.

ಅವಸರ ಅಂದ್ರೆ ನನ್ನ ಅವಸರ. "ಹಂಗೇ ಕಿತ್ತುಬಿಡವ್ವ!" ಅಂದೆ. ಅವಳು ಕೇಳಲಿಲ್ಲ. ಕಂಪ್ಯೂಟರ್ ಆರಿಸಿದಳು. ಪ್ಲಗ್ ಹೊರಗೆ. ಟೆಲಿಫೋನ್ ಲೈನ್ ಹೊರಗೆ. ಮಣಿಕಟ್ಟಿಗೆ ಪಟ್ಟಿ. "ಎರಡನೇ ಸಲಕ್ಕೂ ಇಷ್ಟೆಲ್ಲ ಬೇಕಾ?" ಅಂದ್ರೆ, "ಇದು ಎರಡನೇ ಸಲ ಅಂತ ಕರೆಂಟಿಗೆ ಗೊತ್ತಿರಲ್ಲ ದೊಡ್ಡಪ್ಪ" ಅಂದಳು. ಇಮಾಮ, ನೀನು ಜೀವಮಾನವಿಡೀ ನನಗೆ ಹೇಳೋಕೆ ಒದ್ದಾಡಿದ ಮಾತು ಅದೇ ಅಲ್ಲವಾ? ಕಾರ್ಡು ಹೊರಗೆ ಬಂತು. ಬಿಸಿಲಿಗೆ ಹಿಡಿದಾಗ ಕಂಡೆವು, ಬಂಗಾರದ ಮೇಲೆ ಬೂದು ಬಣ್ಣದ ಮೂರು ಗೆರೆ, ಎರಡೂ ಕಡೆ, ಎಷ್ಟು ಭಕ್ತಿಯಿಂದ ಎಳೆದಿದ್ದಳೋ! ಶಮೀಮ ಒಣ ಬ್ರಷ್ಷಿನಲ್ಲಿ ಪುಡಿ ಉದುರಿಸಿದಳು. ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಒಂದೊಂದೇ ಹಲ್ಲು ಮೆಲ್ಲಗೆ ಉಜ್ಜಿದಳು. ಸಂದಿಯನ್ನೂ ಬ್ರಷ್ಷಿನಿಂದ ಗುಡಿಸಿದಳು. ನಾವು ಗಂಡ ಹೆಂಡತಿ ಇಬ್ಬರೂ ಕೈ ಕಂಕಳಲ್ಲಿ ಇಟ್ಟುಕೊಂಡು ನಿಂತಿದ್ದೆವು. ಬುತ್ತಿ ಬಿಚ್ಚಿರಲಿಲ್ಲ.

ಮತ್ತೆ ಕಟಕ್. ಮತ್ತೆ ಸ್ಕ್ರೂ. ಮುಚ್ಚಳ. ಲೈನ್. ಪ್ಲಗ್. ಪರದೆ ಮೇಲೆ ಅಕ್ಷರ ಓಡಿದವು. ನನಗೆ ಇಂಗ್ಲಿಷ್ ಬರಲ್ಲ, ಅವಳ ಮುಖ ಓದ್ತಾ ನಿಂತಿದ್ದೆ. ಮೊದಲು ಹುಬ್ಬು ಮೇಲೆ ಹೋದವು. ಆಮೇಲೆ ತುಟಿ. "ಕಾಣ್ತು ದೊಡ್ಡಪ್ಪ! ಕಾರ್ಡು ಕಾಣ್ತು!" ನಿನ್ನ ಅತ್ತಿಗೆ, "ನಾನು ಹೇಳಲಿಲ್ವಾ, ಶಿವ ಕೈ ಬಿಡಲ್ಲ" ಅಂದಳು. ನಾನು ಬಾಯಿ ತೆಗೆದೆ, ಶಮೀಮ ನನ್ನ ಬಾಯಿಗೆ ರೊಟ್ಟಿ ಚೂರು ತುರುಕಿದಳು. ಪಕ್ಕದ ಅಂಗಡಿಗೆ ಓಡಿಹೋಗಿ ಅಲ್ಲಿಂದ ನಮ್ಮ ನಂಬರಿಗೆ ನಾನೇ ಫೋನ್ ತಿರುಗಿಸಿದೆ. ಎತ್ತಿಕೊಂತು. "ನಮಸ್ಕಾರ. ದಾವಣಗೆರೆ ಮಾರುಕಟ್ಟೆ ಧಾರಣೆ ಕೇಳ್ರಿ..." ಅಂತು. ಅವಳ ದನಿ. ಅವಳು ಅಲ್ಲಿ ನಿಂತು ರೊಟ್ಟಿ ತಿಂತಿದ್ದಳು, ದನಿ ಇಲ್ಲಿ ನನ್ನ ಕಿವಿಯೊಳಗೆ. ಫೋನ್ ಇಡೋಕೇ ಮನಸ್ಸಾಗಲಿಲ್ಲ.

ಸೋಮವಾರ ಹರಾಜು ಮುಗಿಯೋದೇ ತಡ, ಚನ್ನಬಸಪ್ಪ ಧಾರಣೆ ಹೇಳಿದ, ಇವಳು ಒತ್ತಿದಳು, ಶುರುವಾಯ್ತು ನೋಡು ಫೋನಿನ ಮಳೆ! ಹಳ್ಳಿಯವರಿಗೆಲ್ಲ ನಮ್ಮ ನಂಬರ್ ಅವನೇ ಮೊದಲೇ ಕೊಟ್ಟಿದ್ದ. ಒಂದು ಇಟ್ಟರೆ ಇನ್ನೊಂದು. ಫೋನ್ ಮಾಡಿದವರು ಏನಂತಾರೆ ಅಂತ ಸ್ಪೀಕರಿನಲ್ಲಿ ನಮಗೂ ಕೇಳ್ತಿತ್ತು. ಏನೂ ಒತ್ತೋದು ಬ್ಯಾಡ, ಸುಮ್ಮನೆ ಕೇಳಿದ್ರೆ ಸಾಕು, ಹಂಗೆ ಮಾಡಿದ್ದಳು. ಆದರೆ ನಮ್ಮ ಜನ ಸುಮ್ಮನೆ ಕೇಳ್ತಾರಾ? ನಂದಿಗುಡಿ ಕಡೆಯವನೊಬ್ಬ, "ಯಾರವ್ವ ಮಾತಾಡೋದು? ಯಾವೂರವ್ವ? ಹ್ಞೂಂ... ಹ್ಞೂಂ... ಮೊದ್ಲು ಭತ್ತ ಹೇಳು, ಮೆಕ್ಕೆಜೋಳ ಆಮೇಲೆ ಹೇಳುವಂತೆ... ಏ, ನನ್ನ ಮಾತು ಕಿವಿಗೆ ಹಾಕ್ಕಂತಾಳಾ ನೋಡು ಈಕಿ!" ಅಂತ ರೇಗಿದ. ಭತ್ತದ ಧಾರಣೆ ಬರ್ತಿದ್ದಂಗೆ ತಣ್ಣಗಾದ. "ಒಳ್ಳೇದವ್ವ. ಊಟ ಮಾಡು ಹೋಗು" ಅಂತ ಹೇಳಿ ಇಟ್ಟ. ಚನ್ನಬಸಪ್ಪ ಸ್ವತಃ ಬಂದು ನಿಂತು ನೋಡಿದ. ತನ್ನ ಮಂಡಿ ಫೋನು ಆಗಿನಿಂದ ಸುಮ್ಮನೆ ಮಲಗೈತೆ ಅಂದ. "ಕೆಲಸ ನಿಂದೇ ಕಣವ್ವ ಗಿಳಿ" ಅಂದ.

ಆ ಮಧ್ಯೆ ಒಂದು ಫೋನ್ ಬಂತು, ಅದನ್ನ ನಿನಗೆ ಹೇಳಲೇಬೇಕು. ಮಾತಾಡಲಿಲ್ಲ. ಉಸಿರು ಮಾತ್ರ. ಹಿಂದೆ ಕಾರ್ಖಾನೆಯ ಸೈರನ್ನು ಉದ್ದಕ್ಕೆ ಕೂಗ್ತು, ಗೌಸ್ ದುಡಿಯೋ ಗುತ್ತೂರಿನದು. ಶಮೀಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಯಂತ್ರ ಮೆಕ್ಕೆಜೋಳ ಹೇಳ್ತು, ಭತ್ತ ಹೇಳ್ತು, ಹತ್ತಿ ಹೇಳ್ತು. ಒಂದು ಗುಂಟೆ ಹೊಲ ಇಲ್ಲದ ಮನುಷ್ಯ ಎಲ್ಲವನ್ನೂ ಕೊನೇ ತನಕ ಕೇಳಿಸ್ಕೊಂಡ. ಇಟ್ಟ. ಒಂದು ಮಾತಿಲ್ಲ, ಒಂದು ಶಬಾಶ್ ಇಲ್ಲ. ಮೆಚ್ಚಿದನೋ, ಸಿಟ್ಟಾದನೋ? ನನಗಂತೂ ಕೂತಲ್ಲಿ ಕೂಡಾಕೆ ಆಗಲಿಲ್ಲ.

ಸಂಜೆ ಗೌಸ್ ಬಂದ. ಡ್ಯೂಟಿ ಬಟ್ಟೆಯಲ್ಲೇ ಬಂದ. ನಾನು ಬರ್ರಿ, ಕೂಡ್ರಿ ಅಂದ್ರೂ ಕೂಡಲಿಲ್ಲ. ಯಂತ್ರದ ಕಡೆ ಒಂದು ಸಲ ನೋಡಿದ, ಶಮೀಮಳ ಕಡೆ ನೋಡಲಿಲ್ಲ. ಸೀದಾ ಟೇಬಲ್ ಹತ್ರ ಹೋಗಿ ಬೀಗದ ಕೈ ಎತ್ತಿಕೊಂಡು ಹೊರಗೆ ನಡೆದ. ನನ್ನ ರಕ್ತ ಕುದೀತು. ಕೊಟ್ಟ ಮಾತು ಏನಾಯ್ತಲೇ ಗೌಸ ಅಂತ ಹಿಂದೆಯೇ ಧಾವಿಸಿದೆ. ಅವನು ಶಟರ್ ಹಿಡಿದು ಅರ್ಧಕ್ಕೆ ಎಳೆದ. ಕಿರ್ರ್ ಅಂತು. ಮತ್ತೆ ಮೇಲೆ ದೂಕಿದ. ಎರಡೂ ಕೈ ಹಾಕಿ, ಭುಜ ಕೊಟ್ಟು ದೂಕಬೇಕಾಯ್ತು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ಸಿಡುಕಿದ. "ಏನ್ ಕೊಟ್ರಣ್ಣ ನೀವು! ಇಷ್ಟು ಬಿಗಿ ಶಟರ್ರು, ದಿನಾ ಹುಡುಗಿ ಒಬ್ಬಳೇ ಹೆಂಗೆ ಎತ್ತಬೇಕ್ರಿ? ಎಣ್ಣಿ ಎಲ್ಲೈತೆ, ಕೊಡ್ರಿ ಇಲ್ಲಿ."

ಕೊಟ್ಟೆ. ಸ್ಟೂಲು ಹತ್ತಿ, ಎರಡೂ ಕಡೆ ಕಂಬಿಗೆ ಎಣ್ಣೆ ಬಿಟ್ಟ. ಮೇಲೆ, ಕೆಳಗೆ, ಮೇಲೆ, ಕೆಳಗೆ, ಒಂದೇ ಬೆರಳಿಗೆ ಏರೋ ತನಕ ಬಿಡಲಿಲ್ಲ. ಇಳಿದು ಬಂದು ಬೀಗದ ಕೈಯನ್ನ ಶಮೀಮಳ ಕೈಯೊಳಗೆ ಇಟ್ಟು ಬೆರಳು ಮಡಚಿದ. "ನಮ್ಮ ಕಾರ್ಖಾನೆ ಮ್ಯಾನೇಜರ್ರು ಕೇಳ್ತಿದ್ರು ಬೇಟಾ. ಯಾವ ಪಾಳಿಗೆ ಯಾರು ಬರಬೇಕು ಅಂತ ಹೇಳೋಕೆ ಇಂಥದ್ದೊಂದು ಬೇಕಂತೆ. ನಮ್ಮ ಅಣ್ಣನ ಮಗಳು ಮಾಡ್ತಾಳೆ ಅಂತ ನಾನೇ ಮಾತು ಕೊಟ್ಟು ಬಂದೀನಿ. ಮಾಡ್ತೀಯಲ್ಲ?" ಅಂದ. ಆಗ ಅತ್ತಳು ನೋಡು ಹುಡುಗಿ. ಅಳಲ್ಲ ಅಂದಿದ್ದು ಸೋತರೆ ಮಾತ್ರ. ಗೆದ್ದರೆ ಅಳಲ್ಲ ಅಂತ ಯಾರಿಗೂ ಮಾತು ಕೊಟ್ಟಿರಲಿಲ್ಲವಲ್ಲ.

ಇಷ್ಟೇ ಸುದ್ದಿ ಇಮಾಮ. ನಾಳೆ ಬೆಳಿಗ್ಗೆ ನಿನ್ನ ಅಂಗಡಿ ತೆಗೆಯೋದು ನಿನ್ನ ಮಗಳು, ಒಂದೇ ಬೆರಳಲ್ಲಿ. ನಾನು ತಡವಾಗಿಯೇ ಹೋಗ್ತೀನಿ, ಬೇಕಂತಲೇ. ಹೋದ ಕೂಡಲೇ ಬೈಯೋಕೆ ಅಲ್ಲಿ ಈಗ ಯಜಮಾನಿ ಇದ್ದಾಳೆ.

ನಿನ್ನ,
ಕೊಟ್ರಪ್ಪ